ಟೀಚರಮ್ಮ ಸತ್ತಿರಲೇ ಇಲ್ಲವೆಂದು ಸಾಹೇಬರು ಸಾಧಿಸಿದ್ದು

“ನೋಡ್ತಾ ಇರು! ಇವತ್ತು ಸಾಯಂಕಾಲ ಐದು ಗಂಟೆ ಒಳಗೆ ನೀನು ಸತ್ತೇ ಇರಲಿಲ್ಲ ಅಂತ ಸಾಧಿಸಿ ತೋರಿಸ್ತೀನಿ!”

ಭಾನುವಾರ ಮಧ್ಯಾಹ್ನ, ಹೆಂಡತಿಯ ಊಟದ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ತಕ್ಕಡಿ ಸಾಹೇಬರು ಈ ಘೋರ ಪ್ರತಿಜ್ಞೆ ಮಾಡಿದರು.

“ಐದಕ್ಕೆ ಡ್ರೆಸ್ಸಿಂಗ್ ಬದಲಾಯಿಸೋಕೆ ನರ್ಸ್ ಬರ್ತಾಳೆ. ಅದಕ್ಕೆ ಮುಂಚೆ ಸಾಧಿಸಿ ಮುಗಿಸಿ,” ಎಂದರು ಹೆಂಡತಿ, ಮಲಗಿದ್ದಲ್ಲಿಂದಲೇ. “ಹಾಗೇ ಆ ತಟ್ಟೇನೂ ತೊಳೆದಿಡಿ.”

ಹೆಂಡತಿ ಸತ್ತಳೆಂದು ಅಳುವ ಗಂಡಂದಿರನ್ನು ಲೋಕ ಬೇಕಾದಷ್ಟು ಕಂಡಿದೆ. ಬದುಕಿ, ದಿಂಬಿಗೊರಗಿ, ಎದುರುತ್ತರ ಕೊಡುತ್ತಿರುವ ಹೆಂಡತಿಯ ಜೊತೆ ‘ನೀನು ಸತ್ತಿರಲಿಲ್ಲ’ ಎಂದು ಜಗಳಕ್ಕೆ ನಿಂತ ಗಂಡ ಬಹುಶಃ ಇವರೊಬ್ಬರೇ. ಅವರು ಹಾಗೆ ನಿಂತದ್ದಕ್ಕೆ ಕಾರಣವಿತ್ತು. ಅದು ನಗುವಂಥ ಕಾರಣವೇನೂ ಅಲ್ಲ.

ಸಾಹೇಬರದು ತೂಕ-ಅಳತೆ ಪರೀಕ್ಷಿಸುವ ಕೆಲಸ. ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿಯ ಮೇಲೆ ಹಿತ್ತಾಳೆಯ ತೂಕದ ಬಟ್ಟುಗಳನ್ನು ಇಟ್ಟು ನೋಡುವುದು. ಸರಿಯಿದ್ದರೆ ತಂತಿ ಸುತ್ತಿ ಸೀಸದ ಮುದ್ರೆ ಒತ್ತುವುದು. ತಪ್ಪಿದ್ದರೆ ಅಂಗಡಿಯವನ ಮುಖ ಬಾಡುವಂತೆ ಫಾರಮ್ಮು ತುಂಬುವುದು. ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಮುಳ್ಳು ನೋಡಿ ಕೂಗಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಇಪ್ಪತ್ತಾರು ವರ್ಷ ಕೂಗಿದವರು ಸಾಹೇಬರು. ಬರೆದುಕೊಂಡವರು, ಕಿವಿ ತುಸು ಮಂದವಾಗಿದ್ದ ಒಬ್ಬ ಗುಮಾಸ್ತರು. “ಖಾಲಿ ತಟ್ಟೆ, ಸೊನ್ನೆ! ಒಂದು ಕಿಲೋ, ಸರಿ! ಐದು ಕಿಲೋ, ಇಪ್ಪತ್ತು ಗ್ರಾಂ ಕಮ್ಮಿ!” ಎಂದು ಸಂತೆಯ ಗದ್ದಲವನ್ನೂ ಮೀರಿಸಿ ಕೂಗಿ ಕೂಗಿ ಅವರ ಗಂಟಲು ಕಂಚಿನದಾಗಿತ್ತು.

ಕೆಲಸಕ್ಕೆ ಸೇರಿದ ಮೊದಲ ದಿನ ಹಳೆಯ ಮೇಲಧಿಕಾರಿ ಹೇಳಿಕೊಟ್ಟ ಪಾಠವನ್ನು ಸಾಹೇಬರು ಎಲ್ಲರಿಗೂ ಹೇಳುತ್ತಿದ್ದರು. ಅವತ್ತು ಮೂಟೆ ತೂಗುವ ದೊಡ್ಡ ಯಂತ್ರವೊಂದು ಎಂಟು ಕಿಲೋ ಹೆಚ್ಚು ತೋರಿಸುತ್ತಿತ್ತು. ಸಾಹೇಬರು ಯಂತ್ರದ ಮಾಲೀಕನಿಗೆ ಹಿಗ್ಗಾಮುಗ್ಗಾ ಬೈದರು. ಅಧಿಕಾರಿ ಮೆಲ್ಲಗೆ ಬಂದು, “ಬೈದಿದ್ದು ಆಯ್ತಾ? ಈಗ ನಿನ್ನ ಕಾಲು ಎಲ್ಲಿದೆ ನೋಡ್ಕೋ,” ಎಂದರು. ಸಾಹೇಬರ ಬಲಗಾಲು ಯಂತ್ರದ ಹಲಗೆಯ ಮೇಲೇ ಇತ್ತು! ಅಂದಿನಿಂದ ಅವರು ಯಾವುದೇ ತಕ್ಕಡಿ ಮುಟ್ಟುವ ಮೊದಲು ತಮ್ಮ ಎರಡೂ ಕಾಲುಗಳನ್ನು ನೋಡಿಕೊಳ್ಳುತ್ತಿದ್ದರು. ತಕ್ಕಡಿಯಲ್ಲದ ಬೇರೆ ವಿಷಯಗಳಲ್ಲಿ ಆ ಎಚ್ಚರ ಅಷ್ಟಾಗಿ ಇರಲಿಲ್ಲ.

ಯಾರು ಏನೇ ಹೇಳಲಿ, ಸಾಹೇಬರ ಮೊದಲ ಮಾತು, “ಪುರಾವೆ?” ಮಳೆ ಬರ್ತಿದೆ ಎಂದರೂ ಕಿಟಕಿಯಿಂದ ಕೈ ಹೊರಗೆ ಚಾಚಿಯೇ ನಂಬುವ ಜಾತಿ.

ಹೋದ ವರ್ಷ ಕೆಳಗಿನ ಮಳಿಗೆಯ ಟೈಲರ್ ಗುಲ್ಲೆಬ್ಬಿಸಿದ್ದ. ಸಂಜೆ ಕರೆಂಟು ಹೋಗಿತ್ತಂತೆ. ಅಂಗಡಿಯೊಳಗೆ ನೀಲಿ ಬೆಳಕು ಬಂತಂತೆ. ತೆಳ್ಳಗೆ ಉದ್ದಕ್ಕಿದ್ದ ಮೂವರು ಆಕಾಶದವರು ಬಂದು, ಅವನನ್ನು ಮುಟ್ಟದೆಯೇ ಮೇಲಿನಿಂದ ಕೆಳಗೆ ಅಳೆದುಕೊಂಡು, ಹೋಗುವಾಗ ಅವನ ಅಳತೆ ಟೇಪನ್ನು ಎತ್ತಿಕೊಂಡು ಹೋದರಂತೆ!

“ಅಲ್ಲಯ್ಯಾ, ನಕ್ಷತ್ರ ದಾಟಿ ಬಂದವರು ನಿನ್ನ ಟೇಪು ಕದಿಯೋಕೆ ಬಂದ್ರಾ?” ಎಂದಿದ್ದರು ಸಾಹೇಬರು, ಇಪ್ಪತ್ತು ಜನರ ಎದುರಿಗೆ.

“ಹಾಗಾದ್ರೆ ಟೇಪು ಎಲ್ಲಿ ಹೋಯ್ತು? ನೀವೇ ಹೇಳಿ ಸಾರ್.”

“ಕೊರಳು ಮುಟ್ಕೋ.”

ಟೈಲರ್ ಕೊರಳು ಮುಟ್ಟಿಕೊಂಡ. ಟೇಪು ಅಲ್ಲೇ ಹೂಮಾಲೆಯ ಹಾಗೆ ನೇತಾಡುತ್ತಿತ್ತು. ನೀಲಿ ಬೆಳಕು ಎದುರಿನ ಗ್ಯಾರೇಜಿನವನು ಬೆಸುಗೆ ಹಾಕುತ್ತಿದ್ದದ್ದು. ಬೀದಿಯೆಲ್ಲ ನಕ್ಕಿತು. ಟೈಲರ್ ಮಾತ್ರ ನಗಲಿಲ್ಲ. ಅಂದಿನಿಂದ ಸಾಹೇಬರ ಪ್ಯಾಂಟಿನ ಸೊಂಟ ಪ್ರತಿ ಸಲವೂ ಒಂದು ಇಂಚು ಬಿಗಿಯಾಗಿಯೇ ಬರತೊಡಗಿತು.

ಇಂಥ ಸಾಹೇಬರು ಲೋಕದಲ್ಲಿ ನಂಬುತ್ತಿದ್ದ ಪವಾಡ ಒಂದೇ ಒಂದು. ಹೆಂಡತಿಗೆ ಅವರ ಮನಸ್ಸಿನಲ್ಲಿ ಇರುವುದೆಲ್ಲ ತಿಳಿಯುತ್ತಿತ್ತು. ‘ಇವಳ ಅಣ್ಣ ಇನ್ನೂ ಎಷ್ಟು ದಿನ ಝಾಂಡಾ ಹೂಡ್ತಾನೋ’ ಎಂದು ಅವರು ಒಳಗೊಳಗೇ ಅಂದುಕೊಂಡರೆ ಸಾಕು, ಅಡಿಗೆಮನೆಯಿಂದ, “ನಾಳಿದ್ದು ಹೋಗ್ತಾನೆ, ಸುಮ್ನಿರಿ, ಅವನಿಗೆ ಕೇಳಿಸೀತು,” ಎಂಬ ಉತ್ತರ ಬರುತ್ತಿತ್ತು. ಆಕೆ ಶಾಲೆಯ ಟೀಚರಮ್ಮ. ಕೊನೆಯ ಬೆಂಚಿನ ಪಿಸುಮಾತನ್ನು ಕರಿಹಲಗೆಯ ಕಡೆ ಮುಖ ಮಾಡಿಕೊಂಡೇ ಹಿಡಿಯುತ್ತಿದ್ದವರು. ಮೂವತ್ತು ವರ್ಷ ಮಕ್ಕಳ ಮುಖ ನೋಡಿದವಳಿಗೆ ಗಂಡನ ಮನಸ್ಸು ಓದುವುದೇನು ಮಹಾ ಎಂದು ಸಾಹೇಬರು ಅದಕ್ಕೆ ಪುರಾವೆ ಕೇಳಿರಲಿಲ್ಲ.

ಇನ್ನು ಟೀಚರಮ್ಮ ಸತ್ತ ವಿಷಯ.

ಎರಡು ತಿಂಗಳ ಹಿಂದೆ ಅವರಿಗೆ ಹೊಟ್ಟೆಯ ಬಲಗಡೆ ನೋವು ಶುರುವಾಯಿತು. “ಗ್ಯಾಸು,” ಎಂದರು ಸಾಹೇಬರು. ಮರುವಾರ ಬೆನ್ನಿಗೂ ಹಬ್ಬಿತು. “ಗ್ಯಾಸು ತಿರುಗ್ತಾ ಇದೆ,” ಎಂದರು. ಮೂರನೆಯ ವಾರ ಟೀಚರಮ್ಮ ಹಾಜರಿ ಪುಸ್ತಕದ ಮೇಲೇ ತಲೆಯಿಟ್ಟು ಒರಗಿದರು. ಜೊತೆಯ ಟೀಚರುಗಳು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಪಿತ್ತಕೋಶದಲ್ಲಿ ಕಲ್ಲು, ಸುತ್ತಲೂ ಕೀವು. ಆಪರೇಷನ್ ಮಾಡುವಾಗ ಒಂದೂವರೆ ನಿಮಿಷ ಹೃದಯ ನಿಂತೇ ಹೋಗಿತ್ತು. ಡಾಕ್ಟರು ಹೊರಗೆ ಬಂದು ಅದನ್ನು ಹೇಳಿದಾಗ ಸಾಹೇಬರು ಪುರಾವೆ ಕೇಳಲಿಲ್ಲ.

ಆಮೇಲೆ ಇಡೀ ಒಂದು ದಿನ ಟೀಚರಮ್ಮನಿಗೆ ಎಚ್ಚರವಿರಲಿಲ್ಲ. ಮೂಗಿಗೆ ನಳಿಗೆ, ಕೈಗೆ ಸೂಜಿ. ಸಾಹೇಬರು ಮಂಚದ ಪಕ್ಕದ ಸ್ಟೂಲಿನ ಮೇಲೆ ತೆಪ್ಪಗೆ ಕೂತಿದ್ದರು. ಬಾಯಿ ಬಿಡಲಿಲ್ಲ, ಹಾಗೆಂದು ಅವರು ಯಾರ ತಲೆಯ ಮೇಲೆ ಬೇಕಾದರೂ ಕೈಯಿಟ್ಟು ಹೇಳುತ್ತಿದ್ದರು. ಮನಸ್ಸಿನಲ್ಲಿ ಮಾತ್ರ ಏನೇನೋ ಹಾದುಹೋಯಿತು.

ಮನೆಗೆ ಬಂದು ಹತ್ತು ದಿನವಾದ ಮೇಲೆ, ಶನಿವಾರ, ಟೀಚರಮ್ಮ ಹಾಲಿನ ಲೋಟ ಕೆಳಗಿಟ್ಟು ಇದ್ದಕ್ಕಿದ್ದಂತೆ ಹೇಳಿದರು. “ರೀ, ಹೃದಯ ನಿಂತಾಗ ನಾನು ಮೇಲಕ್ಕೆ ಹೋಗಿದ್ದೆ.”

“ಯಾವ ಮಹಡಿಗೆ?”

“ಚಾವಣಿ ಹತ್ರಕ್ಕೆ. ಅಲ್ಲಿಂದ ಕೆಳಗೆ ನನ್ನನ್ನ ನಾನೇ ನೋಡ್ದೆ.”

ಸಾಹೇಬರಿಗೆ ಮೈಯೆಲ್ಲ ಉರಿದುಹೋಯಿತು. ಊರಿನವರ ಭ್ರಮೆಯನ್ನೆಲ್ಲ ಒಡೆದವರ ಮನೆಯಲ್ಲೇ ಇಂಥದ್ದು! “ನಿಂತಿದ್ದು ಹೃದಯ ಕಣೆ, ಮಿದುಳಲ್ಲ! ಮಿದುಳಿಗೆ ಗಾಳಿ ಕಮ್ಮಿಯಾದ್ರೆ ಬೆಳಕೂ ಕಾಣುತ್ತೆ, ಚಾವಣೀನೂ ಕಾಣುತ್ತೆ. ಸರಿ, ಮೇಲಿಂದ ಏನು ನೋಡ್ದೆ ಹೇಳು.”

“ಫ್ಯಾನಿನ ರೆಕ್ಕೆ ಮೇಲೆ ಒಂದು ಬೆರಳು ಧೂಳಿತ್ತು.”

“ಸಿಕ್ಕಿಬಿದ್ದೆ! ಆಪರೇಷನ್ ಥಿಯೇಟರಲ್ಲಿ ಫ್ಯಾನೇ ಇರಲ್ಲ!”

“ನಾನೆಲ್ಲಿ ಅಲ್ಲಿದು ಅಂದೆ? ನಮ್ಮನೇದು. ವಾಪಸ್ ಬರೋ ದಾರೀಲಿ ನೋಡ್ಕೊಂಡು ಬಂದೆ. ಒರೆಸಿ.”

ಸಾಹೇಬರು ಕುರ್ಚಿ ಹತ್ತಿ ನೋಡಿದರು. ಒಂದು ಬೆರಳು ಧೂಳಿತ್ತು! ‘ಇದು ಪುರಾವೆಯಲ್ಲ, ಒರೆಸದಿದ್ದರೆ ಯಾವ ಫ್ಯಾನಿನ ಮೇಲೂ ಇರುತ್ತೆ’ ಎಂದು ಗೊಣಗುತ್ತಲೇ ಒರೆಸಿದರು. ಗೆದ್ದವರು ತಾವೇ ಎಂಬ ಬಗ್ಗೆ ಅವರಿಗೆ ಸಂಶಯವಿರಲಿಲ್ಲ. ಕುರ್ಚಿಯಿಂದ ಇಳಿಯುವಷ್ಟರಲ್ಲಿ ಟೀಚರಮ್ಮ ಎರಡನೆಯ ಮಾತು ಆಡಿದರು.

“ಅತ್ತೆ ಸಿಕ್ಕಿದ್ರು.”

ಸಾಹೇಬರು ಒರೆಸುವ ಬಟ್ಟೆ ಹಿಡಿದುಕೊಂಡೇ ತಿರುಗಿದರು.

“ನಿಮಗೆ ಹೇಳು ಅಂದ್ರು. ಅವತ್ತು ಬೆಳಿಗ್ಗೆ ನಿಮ್ಮ ಬಿಳಿ ಶರ್ಟಿಗೆ ಕಪ್ಪು ದಾರದಲ್ಲಿ ಗುಂಡಿ ಹಾಕಿದ್ರಂತಲ್ಲ, ಅದನ್ನ ಹಾಕೋ ಹೊತ್ತಿಗೆ ಎದೆನೋವು ಕಮ್ಮಿಯಾಗಿತ್ತಂತೆ. ಅವನು ಸುಮ್ನೆ ಕೊರಗ್ತಾನೆ, ಕೊರಗಬೇಡ ಅಂತ ಹೇಳು ಅಂದ್ರು.”

ಸಾಹೇಬರು ಕುರ್ಚಿಯ ಮೇಲೇ ಗರ ಬಡಿದವರಂತೆ ನಿಂತುಬಿಟ್ಟರು.

ಆರು ವರ್ಷದ ಹಿಂದಿನ ಮಾತು. ಟೀಚರಮ್ಮ ಶಾಲೆಗೆ ಹೋಗಿಯಾಗಿತ್ತು. ಮನೆಯಲ್ಲಿ ಸಾಹೇಬರು ಮತ್ತು ಅಮ್ಮ ಇಬ್ಬರೇ. ಶರ್ಟಿನ ಗುಂಡಿ ಕಿತ್ತುಬಂದಿತ್ತು, ಸಾಹೇಬರಿಗೆ ಸಂತೆಯ ತಪಾಸಣೆಯ ಅವಸರ. ಬಿಳಿ ದಾರ ಸಿಗದೆ ಅಮ್ಮ ಕಪ್ಪು ದಾರದಲ್ಲೇ ಹೊಲಿದುಕೊಟ್ಟಳು. ಹೊಲಿಯುತ್ತ, “ಎದೆ ಯಾಕೋ ಹಿಡಿದ ಹಾಗಾಗ್ತಿದೆ ಕಣೋ. ಇವತ್ತೊಂದಿನ ರಜ ಹಾಕ್ತೀಯಾ?” ಎಂದಳು. ಸಾಹೇಬರು ನಕ್ಕು, “ಎದೆನೋವು ಅನ್ನೋಕೆ ಪುರಾವೆ ಏನಮ್ಮಾ? ಗ್ಯಾಸು. ಸೋಡಾ ಕುಡಿ,” ಎಂದು ಹೊರಟರು. ಮಧ್ಯಾಹ್ನ ಪಕ್ಕದ ಮನೆಯವರು ಬಂದು ನೋಡಿದಾಗ ಅಮ್ಮ ಅದೇ ಕುರ್ಚಿಯಲ್ಲಿ ಒರಗಿಕೊಂಡಿದ್ದಳು. ಸೋಡಾ ಬಾಟಲಿಯ ಮುಚ್ಚಳ ತೆಗೆದಿರಲಿಲ್ಲ.

‘ಒಂದು ಚೂರೂ ಸೂಚನೆ ಕೊಡಲಿಲ್ಲ ಪಾಪ’ ಎಂದು ಬಂದವರೆಲ್ಲ ಅಂದರು. ಸಾಹೇಬರು ತಲೆಯಾಡಿಸಿದರು. ಹೆಂಡತಿಗೂ ಹೇಳಲಿಲ್ಲ. ಆ ಶರ್ಟನ್ನು ಮತ್ತೆ ಹಾಕಲಿಲ್ಲ. ಖಾಲಿ ತಪಾಸಣಾ ಫಾರಮ್ಮೊಂದನ್ನು ತೆಗೆದುಕೊಂಡು, ಷರಾ ಎಂಬ ಕಡೆ, ‘ಅಮ್ಮ ಎದೆನೋವು ಎಂದಳು. ನಾನು ಗ್ಯಾಸು ಎಂದೆ. ಕಪ್ಪು ದಾರ’ ಎಂದು ಬರೆದು ರುಜು ಹಾಕಿದರು. ಅದನ್ನು ಶರ್ಟಿನ ಜೇಬಿನಲ್ಲಿಟ್ಟು, ಶರ್ಟನ್ನು ಟ್ರಂಕಿನಲ್ಲಿಟ್ಟು, ಟ್ರಂಕಿನ ಕೊಂಡಿಗೆ ತಂತಿ ಸುತ್ತಿ ತಮ್ಮದೇ ಅಂಕಿಯ ಸೀಸದ ಮುದ್ರೆ ಒತ್ತಿ ಅಟ್ಟಕ್ಕೇರಿಸಿದರು. ಲೋಕದ ಯಾವ ಗಂಡಸೂ ತನ್ನ ದುಃಖಕ್ಕೆ ಸರಕಾರಿ ಸೀಲು ಹಾಕಿರಲಾರ!

ಅದೆಲ್ಲ ಇವಳಿಗೆ ಹೇಗೆ ಗೊತ್ತಾಯಿತು? ಮನಸ್ಸು ಓದಿ ತಿಳಿಯುವುದಾಗಿದ್ದರೆ ಆರು ವರ್ಷದ ಹಿಂದೆಯೇ ತಿಳಿಯುತ್ತಿತ್ತು.

ಇಲ್ಲಿಯೇ ಸಾಹೇಬರ ಸಂಕಟವಿದ್ದದ್ದು. ಹೆಂಡತಿ ನಿಜವಾಗಿ ಹೋಗಿ ಬಂದಿದ್ದರೆ ಅಮ್ಮ ಎಲ್ಲಿಯೋ ಇದ್ದಾಳೆ, ನೋವು ಕಮ್ಮಿಯಾಗಿತ್ತು, ಮಗನ ಮೇಲೆ ಸಿಟ್ಟಿಲ್ಲ. ಹೋಗಿರಲಿಲ್ಲವೆಂದು ಸಾಧಿಸಿದರೆ ಆ ಮೂರೂ ಹೋಗುತ್ತವೆ. ಆರು ವರ್ಷದಲ್ಲಿ ಮೊದಲ ಸಲ ಎದೆ ಹಗುರಾಗಿತ್ತು. ಸುಮ್ಮನೆ ನಂಬಿಕೊಂಡು ಇರಬಹುದಿತ್ತು. ಆದರೆ ಪರೀಕ್ಷಿಸದೆ ಮುದ್ರೆ ಒತ್ತಿ ಗೊತ್ತಿರದ ಕೈ! ಆ ಕೈ ರಾತ್ರಿಯಿಡೀ ತುರಿಸಿತು. ಬೆಳಗಾಗುವಷ್ಟರಲ್ಲಿ ಸಾಹೇಬರು ತೀರ್ಮಾನಿಸಿದ್ದರು: ಇವಳು ಯಾವಾಗಲೋ ಟ್ರಂಕು ತೆಗೆದು ಚೀಟಿ ಓದಿದ್ದಾಳೆ, ಅಷ್ಟೇ. ಮುದ್ರೆ ಒಡೆದಿರಬೇಕು. ಒಡೆದ ಮುದ್ರೆಯೇ ಪುರಾವೆ. ಹಾಗೆ ಭಾನುವಾರ ಮಧ್ಯಾಹ್ನ ಆ ಪ್ರತಿಜ್ಞೆ ಹೊರಬಿದ್ದದ್ದು.

ತಟ್ಟೆ ತೊಳೆದು ಮನೆಗೆಲಸ ಮುಗಿಸುವಷ್ಟರಲ್ಲಿ ನಾಲ್ಕೂವರೆಯಾಗಿತ್ತು. ಅಟ್ಟ ಅಡಿಗೆಮನೆಯ ಬಾಗಿಲಿನ ಮೇಲಿತ್ತು. ಏಣಿ ಇದ್ದದ್ದು ಟೈಲರ್ ಹತ್ತಿರ. ಅವನನ್ನು ಕೇಳುವುದಕ್ಕಿಂತ ಅಟ್ಟದಿಂದ ಬೀಳುವುದೇ ಮೇಲು ಎಂದು ಸಾಹೇಬರು ಮೇಜು ಎಳೆದು ಅದರ ಮೇಲೆ ಸ್ಟೂಲು ಇಟ್ಟರು. ಮೇಜಿನ ಒಂದು ಕಾಲು ಗಿಡ್ಡ. ಬೇರೆಯವರಾಗಿದ್ದರೆ ರಟ್ಟಿನ ತುಂಡು ಕೊಡುತ್ತಿದ್ದರು. ಸಾಹೇಬರು ಚೀಲದಿಂದ ಅರ್ಧ ಕಿಲೋ ಹಿತ್ತಾಳೆಯ ಬಟ್ಟು ತೆಗೆದು, ಕಾಲಿನ ಅಡಿಗೆ ಕೊಟ್ಟು, ಮಟ್ಟ ನೋಡಿ, “ಸರಿ!” ಎಂದು ಕೂಗಿದರು.

“ಏನ್ರೀ ಅದು ಸದ್ದು?” ಎಂದರು ಟೀಚರಮ್ಮ ಒಳಗಿನಿಂದ.

“ತನಿಖೆ!”

“ಅಟ್ಟದ ತುದೀಲಿ ಹಿಟ್ಟಿನ ಡಬ್ಬ ಇದೆ. ಮುಚ್ಚಳ ಸಡಿಲ, ಹುಷಾರು.”

“ನನಗೆ ಹೇಳ್ಬೇಡ. ಇಪ್ಪತ್ತಾರು ವರ್ಷದಿಂದ ಸಮತೋಲನಾನೇ ನನ್ನ ಕಸುಬು!”

ಸಾಹೇಬರು ಮೇಜು ಹತ್ತಿ, ಸ್ಟೂಲು ಹತ್ತಿ, ಅಟ್ಟದೊಳಗೆ ತಲೆ ತೂರಿಸಿದರು. ಹಳೆಯ ಬೋಗುಣಿ, ಮುರಿದ ಟೇಬಲ್ ಫ್ಯಾನು, ಹಿಟ್ಟಿನ ಡಬ್ಬ. ಹಿಂದುಗಡೆ ಟ್ರಂಕು. ಅದರ ಮೇಲಿನ ಧೂಳಿನಲ್ಲಿ ಒಂದು ಬೆರಳಿನ ಗುರುತೂ ಇರಲಿಲ್ಲ. ಟಾರ್ಚು ಬಿಟ್ಟು, ಭೂತಗನ್ನಡಿ ಹಿಡಿದು ಮುದ್ರೆ ನೋಡಿದರು. ತಂತಿ ಬಿಗಿಯಾಗಿತ್ತು. ಸೀಸ ಒಡೆದಿರಲಿಲ್ಲ. ಅವರದೇ ಅಂಕಿ, ಅವರದೇ ಇಕ್ಕಳದ ಗುರುತು. ಆರು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ.

ಸಾಹೇಬರು ತಂತಿಯನ್ನು ಇನ್ನೊಮ್ಮೆ ಎಳೆದು ನೋಡಿದರು.

ಟ್ರಂಕು ತೆಗೆದಿಲ್ಲ. ಚೀಟಿ ಓದಿಲ್ಲ. ಅವತ್ತು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹಾಗಾದರೆ ಹೆಂಡತಿಗೆ ಹೇಳಿದವರು ಒಬ್ಬರೇ ಇರಲು ಸಾಧ್ಯ. ಐವತ್ತನಾಲ್ಕು ವರ್ಷ ಯಾವುದನ್ನೂ ನಂಬದ ಮನುಷ್ಯ, ಅಟ್ಟದೊಳಗೆ ತಲೆಯಿಟ್ಟುಕೊಂಡು, ಮೂಗಿನ ತುಂಬ ಧೂಳು ತುಂಬಿಕೊಂಡು, ಒಂದೇ ಏಟಿಗೆ ಎಲ್ಲವನ್ನೂ ನಂಬಿಬಿಟ್ಟರು. ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಅಮ್ಮ ಇದ್ದಾಳೆ! ‘ಅಮ್ಮಾ’ ಎಂದು ಅವರು ಮಗುವಿನ ಹಾಗೆ ಬಿಕ್ಕಿದರು. ಆ ಬಿಕ್ಕಿಗೆ ಮೈ ಅಲುಗಿತು, ಸ್ಟೂಲು ಅಲುಗಿತು, ಮೇಜು ಅಲುಗಿತು. ಗಿಡ್ಡ ಕಾಲಿನ ಅಡಿಯಲ್ಲಿದ್ದ ಅರ್ಧ ಕಿಲೋ ಬಟ್ಟು ತನ್ನ ಪಾಡಿಗೆ ತಾನು ಉರುಳಿಕೊಂಡು ಬಚ್ಚಲಿನ ಕಡೆ ಹೊರಟಿತು.

ಮುಂದಿನದು ಕ್ಷಣಾರ್ಧದಲ್ಲಿ ಮುಗಿಯಿತು. ಸಾಹೇಬರು ಬೀಳುವಾಗ ಹಿಡಿದದ್ದು ಟ್ರಂಕು. ಟ್ರಂಕು ತಳ್ಳಿದ್ದು ಡಬ್ಬ. ಡಬ್ಬದ ಮುಚ್ಚಳ ಮೊದಲೇ ಸಡಿಲ. ಸಾಹೇಬರು ನೆಲಕ್ಕೆ ಬಿದ್ದರು, ಅವರ ಮೇಲೆ ಆರು ಕಿಲೋ ಹಿಟ್ಟು ಬಿತ್ತು. ಎಲ್ಲ ಮುಗಿಯಿತು ಎಂದುಕೊಳ್ಳುವಾಗ, ನಿಧಾನವಾಗಿ ಯೋಚಿಸಿ ಬಂದಂತೆ, ಬೋಗುಣಿ ಬಂದು ತಲೆಗೆ ಕಿರೀಟದ ಹಾಗೆ ಕೂತಿತು.

ಸದ್ದಿಗೆ ಕೆಳಗಿನ ಹೊಲಿಗೆ ಯಂತ್ರ ನಿಂತಿತು. ಟೈಲರ್ ಮೆಟ್ಟಿಲು ಹಾರಿ ಮೇಲೆ ಬಂದ. ನರ್ಸ್ ಬರುತ್ತಾಳೆಂದು ಬಾಗಿಲು ತೆರೆದೇ ಇತ್ತು. ಒಳಗೆ ಬಿಳಿಯ ಹೊಗೆ. ಹೊಗೆಯ ನಡುವೆ ಮೈಯೆಲ್ಲ ಬಿಳುಚಿದ ಒಂದು ಆಕಾರ. ಕಣ್ಣು ಮಾತ್ರ ಕಪ್ಪು. ತಲೆ ಫಳಫಳ ಹೊಳೆಯುವ ಲೋಹ. ಎದೆಯ ಬಳಿ ಟಾರ್ಚಿನ ಬೆಳಕು. ಆ ಆಕಾರ ಕೈ ಎತ್ತಿ, ನರಳುವ ದನಿಯಲ್ಲಿ, “ನೋವು... ಕಮ್ಮಿಯಾಗಿತ್ತಾ...?” ಎಂದು ಕೇಳಿತು.

“ಬಂದ್ರು! ಮತ್ತೆ ಬಂದ್ರು! ಸಾಹೇಬರ ಮನೇಗೇ ಬಂದಿದ್ದಾರೆ!”

ಟೈಲರ್ ಇಳಿದ ರಭಸಕ್ಕೆ ಮೆಟ್ಟಿಲ ಕಂಬಿ ಹತ್ತು ನಿಮಿಷ ಅದುರುತ್ತಿತ್ತು. ಬೀದಿ ತುಂಬಿತು. ಗ್ಯಾರೇಜಿನವನು ಸ್ಪ್ಯಾನರ್ ಹಿಡಿದು ಬಂದ. ಎದುರು ಮನೆಯ ಮುದುಕರು, “ಎಷ್ಟು ಜನ ಬಂದಿದ್ದಾರೆ? ಟೇಪು ಜೋಪಾನ,” ಎಂದು ಕೂಗಿದರು. ಯಾರೂ ಮೇಲೆ ಹತ್ತಲಿಲ್ಲ. ನರ್ಸ್ ಒಬ್ಬಳೇ ಗುಂಪನ್ನು ಸರಿಸಿಕೊಂಡು, “ದಾರಿ ಬಿಡ್ರೀ, ನಂಗೆ ಇನ್ನೂ ನಾಲ್ಕು ಮನೆ ಇದೆ,” ಎಂದು ಮೆಟ್ಟಿಲು ಹತ್ತಿ ಬಂದಳು.

ಆಕೆ ವಾರ್ಡಿನಲ್ಲೂ ಟೀಚರಮ್ಮನನ್ನು ನೋಡಿಕೊಂಡವಳು. ಸಾಹೇಬರು ಬಿದ್ದಲ್ಲೇ ‘ಅಮ್ಮಾ, ಅಮ್ಮಾ’ ಎನ್ನುತ್ತಿದ್ದರು. ಬೋಗುಣಿ ಎತ್ತಿ ನೋಡಿದಳು. ಮೊಣಕೈ ಮಡಿಸಿ ನೋಡಿದಳು. “ಮೂಳೆಗೇನೂ ಆಗಿಲ್ಲ. ಯಾರ ಹತ್ರ ಮಾತಾಡ್ತಿದ್ರಿ ಸಾರ್? ಮತ್ತೆ ಅಮ್ಮನ ಹತ್ರಾನಾ?”

“ಮತ್ತೆ ಅಂದ್ರೆ?” ಸಾಹೇಬರು ಎದ್ದು ಕೂತರು.

“ಅವತ್ತು ವಾರ್ಡಲ್ಲಿ ಮಾತಾಡಿದ್ರಲ್ಲ. ಇವ್ರಿಗೆ ಎಚ್ಚರ ಇಲ್ದಾಗ. ‘ಅಮ್ಮಾ, ನೀನು ಎದೆನೋವು ಅಂದೆ, ನಾನು ಗ್ಯಾಸು ಅಂದೆ. ಇವಳಿಗೂ ಗ್ಯಾಸು ಅಂದೆ. ನೀನು ಬಿಳಿ ಶರ್ಟಿಗೆ ಕಪ್ಪು ದಾರದಲ್ಲಿ ಗುಂಡಿ ಹಾಕ್ಕೊಟ್ಟೆ. ಇವಳನ್ನಾದ್ರೂ ಕರ್ಕೋಬೇಡ’ ಅಂತ. ಪಕ್ಕದ ಮಂಚದ ಅಜ್ಜಿ ಅತ್ತೂ ಅತ್ತೂ ಬಿ.ಪಿ. ಏರಿಸ್ಕೊಂಡ್ರು. ನಿಮ್ಮನ್ನ ಹೊರಗೆ ಕಳಿಸೋಣ ಅಂತ ಬಂದೆ. ಮುಖ ನೋಡಿ ಮನಸ್ಸು ಬರಲಿಲ್ಲ.”

“ಸುಳ್ಳು! ನಾನು ಬಾಯೇ ಬಿಟ್ಟಿಲ್ಲ. ಎಲ್ಲಾ ಮನಸ್ಸಲ್ಲೇ ಅಂದ್ಕೊಂಡಿದ್ದು.”

“ಮನಸ್ಸಲ್ಲಿ?” ನರ್ಸ್ ನಕ್ಕಳು. “ಸಾರ್, ಒಂದೊಂದು ಮಾತನ್ನೂ ಯಾರಿಗೋ ಬರಕೋ ಅಂತ ಕೂಗಿ ಹೇಳಿದ ಹಾಗಿತ್ತು. ಎಚ್ಚರ ಇಲ್ಲದವರಿಗೆ ಕೆಲವು ಸಲ ಕಿವಿ ಕೇಳಿಸ್ತಾ ಇರುತ್ತೆ, ಹುಷಾರಾಗಿ ಮಾತಾಡಿ ಅಂತ ನಾನು ಹೇಳಿದ್ದೂ ನಿಮಗೆ ಕೇಳಿಸ್ಲಿಲ್ಲ.”

ಸಾಹೇಬರು ಹಿಟ್ಟಿನಲ್ಲಿ ಕೂತಲ್ಲೇ ಕೂತರು. ಇಪ್ಪತ್ತಾರು ವರ್ಷ ಕಿವಿ ಮಂದದ ಗುಮಾಸ್ತರಿಗಾಗಿ ಕೂಗಿದ ಬಾಯಿ, ಯಜಮಾನನಿಗೆ ತಿಳಿಸದೆ ಕೂಗುತ್ತಲೇ ಇತ್ತು! ಆಸ್ಪತ್ರೆಯಲ್ಲಿ, ಮನೆಯಲ್ಲಿ, ಬಚ್ಚಲಿನಲ್ಲಿ. ಹೆಂಡತಿಯ ಅಣ್ಣ ಆ ಸಲ ಎರಡು ದಿನ ಮೊದಲೇ ಊರಿಗೆ ಹೋದದ್ದು ಏಕೆಂದು ಈಗ ಅರ್ಥವಾಯಿತು. ‘ನಿನ್ನ ಕಾಲು ಎಲ್ಲಿದೆ ನೋಡ್ಕೋ’ ಎಂದ ಹಳೆಯ ಮೇಲಧಿಕಾರಿಯ ಮುಖ ಕಣ್ಣ ಮುಂದೆ ಬಂತು. ಅಂದಿನಿಂದ ಇಂದಿನವರೆಗೂ ಕಾಲು ಹಲಗೆಯ ಮೇಲೇ ಇತ್ತು.

ಪ್ರತಿಜ್ಞೆ ನೆರವೇರಿತು. ಗಡಿಯಾರದಲ್ಲಿ ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಟೀಚರಮ್ಮ ಎಲ್ಲಿಗೂ ಹೋಗಿರಲಿಲ್ಲವೆಂದು ಪುರಾವೆ ಸಮೇತ ಸಾಧಿಸಿಯಾಗಿತ್ತು. ಇಷ್ಟು ಕೆಟ್ಟ ಗೆಲುವನ್ನು ಸಾಹೇಬರು ಹಿಂದೆಂದೂ ಗೆದ್ದಿರಲಿಲ್ಲ.

ನರ್ಸ್ ಡ್ರೆಸ್ಸಿಂಗ್ ಮುಗಿಸಿ, ಕೆಳಗಿನ ಗುಂಪಿಗೆ, “ಯಾರೂ ಬಂದಿಲ್ಲ, ಹಿಟ್ಟು ಚೆಲ್ಲಿದೆ ಅಷ್ಟೇ,” ಎಂದು ಹೇಳಿ ಹೋದಳು. ಟೈಲರ್, “ಹಿಟ್ಟು ಮಾತಾಡುತ್ತಾ? ಪುರಾವೆ ಕೊಡಿ,” ಎಂದು ಅವಳನ್ನೇ ಹಿಡಿದು ನಿಲ್ಲಿಸಿದ್ದು ಮೇಲೆಯೂ ಕೇಳಿಸಿತು.

ಸಾಹೇಬರು ಕೋಣೆಯ ಬಾಗಿಲಲ್ಲಿ ನಿಂತರು. ಟೀಚರಮ್ಮ ಅವರನ್ನು ಮೇಲಿನಿಂದ ಕೆಳಗೆ ನೋಡಿದರು.

“ಎಲ್ಲಾ ಕೇಳಿಸಿತ್ತಾ ನಿನಗೆ, ಅವತ್ತು?” ಎಂದರು ಸಾಹೇಬರು.

“ಹ್ಞೂಂ.”

“ಬೇರೆ ಏನು ಕಾಣಿಸಿತು? ನಿಜ ಹೇಳು. ಬೆಳಕು, ಗಿಳಕು?”

“ಏನೂ ಇಲ್ಲರೀ. ಕತ್ತಲೆ ಅಂತ ಹೇಳೋಕೂ ಏನೂ ಇರಲಿಲ್ಲ. ನಿಮ್ಮ ಗಂಟಲು ಒಂದಿತ್ತು. ಹೋಗೋಣ ಅಂದ್ರೂ ನೀವು ಸುಮ್ನಾಗ್ತಿರಲಿಲ್ಲ. ಬಾಯಿ ಮುಚ್ಚಿಸೋಕಾದ್ರೂ ಏಳಬೇಕಾಯ್ತು.”

ಸಾಹೇಬರು ಮಂಚದ ಅಂಚಿಗೆ ಕೂತರು. ಕೂತ ಕಡೆಯೆಲ್ಲ ಬಿಳಿಯಾಯಿತು. “ನೇರವಾಗಿ ಕೇಳಿಸ್ತು ಅಂತ ಹೇಳಬಹುದಿತ್ತಲ್ಲ?”

“ಹೇಳಿದ್ರೆ ನೀವು ಇನ್ನಾರು ವರ್ಷ ಬಾಯಿ ಹೊಲಕೊಂಡು ಕೂರ್ತಿದ್ರಿ. ನನ್ನ ಮಾತು ನೀವು ಯಾವತ್ತು ನಂಬಿದ್ದೀರಿ? ಅತ್ತೆ ಮಾತಾದ್ರೂ ನಂಬ್ತೀರೇನೋ ಅಂದ್ಕೊಂಡೆ.”

“ಗುಂಡಿ, ದಾರ ಎಲ್ಲಾ ನಾನು ಹೇಳಿದ್ದೇ ಇರಬಹುದು. ನೋವು ಕಮ್ಮಿಯಾಗಿತ್ತು ಅಂತ ನಾನು ಹೇಳಿರಲಿಲ್ಲ. ಅದು ನನಗೇ ಗೊತ್ತಿಲ್ಲ.”

ಟೀಚರಮ್ಮ ಹೊದಿಕೆಯ ಮೇಲಿನ ಹಿಟ್ಟನ್ನು ಬೆರಳಲ್ಲಿ ಒಂದು ಕಡೆ ಸೇರಿಸಿದರು. “ಅದು ನಾನು ಸೇರಿಸಿದ್ದು,” ಎಂದರು.

ಅಲ್ಲಿಗೆ ಅದೂ ಹೋಯಿತು. ನೋವು ಕಮ್ಮಿಯಾಗಿತ್ತೋ, ಕೊನೆಯವರೆಗೂ ಹಾಗೇ ಇತ್ತೋ, ಇನ್ನು ಯಾರಿಂದಲೂ ತಿಳಿಯುವಂತಿರಲಿಲ್ಲ. ಸಾಹೇಬರು ಅತ್ತರು. ಕೆನ್ನೆಯ ಮೇಲಿನ ಹಿಟ್ಟಿನಲ್ಲಿ ಎರಡು ಗೆರೆ ಮೂಡಿದವು. ಟೀಚರಮ್ಮ ಅವರ ಕೈ ಹಿಡಿದುಕೊಂಡರು.

“ಅಮ್ಮ ನನ್ನನ್ನ ಕ್ಷಮಿಸಿರ್ತಾಳೇನೇ?”

“ಅತ್ತೆ ವಿಷಯ ನನಗೆ ಗೊತ್ತಿಲ್ಲ. ಮಗ ಅಂದ್ರೆ ಅವರಿಗೆ ಪ್ರಾಣ, ಕ್ಷಮಿಸಿರಬಹುದು. ನಾನಂತೂ ಇನ್ನೂ ಕ್ಷಮಿಸಿಲ್ಲ! ಮೂರು ವಾರ ಗ್ಯಾಸು ಅಂದ್ರಲ್ಲ? ಏಳಿ, ಆ ಹಿಟ್ಟು ಗುಡಿಸಿ. ಇರುವೆ ಬರುತ್ತೆ.”

ಸಾಹೇಬರು ಎದ್ದರು. ಪೊರಕೆ ಹಿಡಿದು ಅಡಿಗೆಮನೆಗೆ ಬಂದರು. ಬಿದ್ದ ರಭಸಕ್ಕೆ ಟ್ರಂಕಿನ ಕೊಂಡಿ ಕಿತ್ತುಹೋಗಿ, ಬಿಳಿ ಶರ್ಟು ಹೊರಗೆ ಇಣುಕುತ್ತಿತ್ತು. ಸೀಸದ ಮುದ್ರೆ ಮಾತ್ರ ಗಟ್ಟಿಯಾಗಿ ಹಾಗೇ ಇತ್ತು. ಶರ್ಟನ್ನು ಕೊಡವಿ ಗುಂಡಿಯನ್ನು ಎಳೆದು ನೋಡಿದರು. ಆರು ವರ್ಷವಾದರೂ ಕಪ್ಪು ದಾರ ಒಂದು ಎಳೆಯೂ ಸಡಿಲಾಗಿರಲಿಲ್ಲ. ಅದನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರು.

ಆಮೇಲೆ ಗುಡಿಸುತ್ತ, ಬಾಯಿಯನ್ನು ಬಿಗಿಯಾಗಿ ಮುಚ್ಚಿಕೊಂಡು, ಮನಸ್ಸಿನಲ್ಲಿ ಮಾತ್ರ, ಅತ್ಯಂತ ಗುಟ್ಟಾಗಿ ಅಂದುಕೊಂಡರು: ‘ಅವಳು ಹೋಗಿಬಿಟ್ಟಿದ್ರೆ ನಾನೂ ಉಳೀತಿರಲಿಲ್ಲ. ಇನ್ಮೇಲೆ ಅವಳು ನೋವು ಅಂದ್ರೆ ನೋವು. ಪುರಾವೆ ಕೇಳಲ್ಲ. ಇದನ್ನ ಅವಳಿಗೆ ಹೇಳ್ಬೇಕು. ಈಗ ಬೇಡ, ನಾಚಿಕೆ ಆಗುತ್ತೆ. ನಿಧಾನಕ್ಕೆ ಯಾವತ್ತಾದ್ರೂ ಹೇಳೋಣ.’

“ಕೇಳಿಸ್ತು,” ಎಂದರು ಟೀಚರಮ್ಮ ಕೋಣೆಯಿಂದ.

ಕೆಳಗೆ ಹೊಲಿಗೆ ಯಂತ್ರ ನಿಂತಿತು.

“ಇಲ್ಲಿಗೂ ಕೇಳಿಸ್ತು ಸಾರ್!”